ಕೈಯಿಂದ ಕೈಗೆ ಬಂದ ಚಾಕು

ಅಣ್ಣ ದಿಂಬಿನ ಕೆಳಗಿಂದ ಮಡಚಿದ ಚಾಕು ತೆಗೆದು ಸೀದಾ ನನ್ನ ಅಂಗೈಯಲ್ಲೇ ಇಡಲು ಬಂದ. ನಾನು ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡೆ.

ನಮ್ಮ ಬನಹಟ್ಟಿ ಮನೆಗಳಲ್ಲಿ ಚಾಕು, ಕತ್ತರಿಗಳನ್ನು ಯಾರೂ ಕೈಯಿಂದ ಕೈಗೆ ಕೊಡುವುದಿಲ್ಲ. ಕೊಟ್ಟರೆ ಇಬ್ಬರ ನಡುವೆ ಜಗಳ ಬೀಳುತ್ತದಂತೆ. ಒಬ್ಬರು ಕೆಳಗಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಅಣ್ಣನೂ ಅಷ್ಟು ವರ್ಷ ಹಾಗೆಯೇ ಮಾಡಿದವನು. ನಾನು ಕೇಳಿದರೆ ಚಾಕನ್ನು ಮಗ್ಗದ ಹಲಗೆಯ ಮೇಲಿಟ್ಟು, "ತಗೋ, ಲಗೂ ವಾಪಸ್ ಕೊಡು" ಅನ್ನುತ್ತಿದ್ದ.

ಸೀರೆ ಮಾರಲು ಮುಂಬಯಿಗೆ ಹೋದಾಗ ಅಣ್ಣ ಆಸೆಪಟ್ಟು ತಂದ ಪರದೇಶದ ಚಾಕು ಅದು. ಕರಿ ಕೊಂಬಿನ ಹಿಡಿ ಮಗ್ಗದ ಲಾಳಿಯಂತೆ ನಡುವೆ ತುಸು ಉಬ್ಬಿ, ಮುಷ್ಟಿಯಲ್ಲಿ ತಾನಾಗಿ ಕೂರುತ್ತಿತ್ತು. ಹೆಬ್ಬೆರಳಿನಿಂದ ತಳ್ಳಿದರೆ ಅಲಗು ಸದ್ದಿಲ್ಲದೆ ಹೊರಬಂದು, ಕೊನೆಯಲ್ಲಿ ಮಾತ್ರ ಟಕ್ ಎಂದು ನಿಲ್ಲುತ್ತಿತ್ತು. ನೇಯ್ದು ಮುಗಿದ ಸೀರೆಯನ್ನು ಮಗ್ಗದಿಂದ ಕೊಯ್ಯಲು ಬಿಟ್ಟರೆ ಬೇರೆ ಯಾವುದಕ್ಕೂ ಅವನು ಅದನ್ನು ತೆಗೆಯುತ್ತಿರಲಿಲ್ಲ.

ಅದನ್ನು ಅವನು ದಿಂಬಿನ ಕೆಳಗಿಂದ ತೆಗೆದ ಆ ವಾರವೇ ದವಾಖಾನೆಯವರು ಇನ್ನು ಆಗುವುದಿಲ್ಲವೆಂದು ಅವನನ್ನು ಮನೆಗೆ ಕಳಿಸಿದ್ದರು.

"ಕೆಳಗಿಡೋ ಯಣ್ಣಾ, ಜಗಳ ಬೀಳತೈತಿ" ಎಂದೆ.

ಅಣ್ಣ ನಕ್ಕ. "ಲೇ ಹುಚ್ಚಪ್ಯಾಲಿ, ಜಗಳಾಡಾಕ ಇನ್ನ ನಾ ಎಲ್ಲಿರತೇನಿ?" ಎಂದು ನನ್ನ ಕೈ ಎಳೆದು ಚಾಕು ಇಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದ. ಚಾಕು ಬೆಚ್ಚಗಿತ್ತು, ಅವನ ಕೈ ತಣ್ಣಗಿತ್ತು.

ಈಗ ಅಣ್ಣನೂ ಇಲ್ಲ, ಮಗ್ಗವೂ ಇಲ್ಲ. ಹೆಂಡತಿ ಆ ಚಾಕು ಕೇಳಿದರೆ ನಾನು ಕೆಳಗಿಟ್ಟೇ ಕೊಡುತ್ತೇನೆ. ಅಣ್ಣ ಕೈಗೇ ಕೊಟ್ಟಿದ್ದಕ್ಕೆ ಬೀಳಬೇಕಾಗಿದ್ದ ಜಗಳ ಮಾತ್ರ ಇನ್ನೂ ಬಿದ್ದಿಲ್ಲ.