ಕೊಯ್ಯುವ ಮೊದಲು ನೋಡಿದವರು

ಈಗ ಮೊಣಕಾಲು ನೋವೆಂದರೆ ಸಾಕು, ಜನ ಎಂ.ಆರ್.ಐ. ಫಿಲ್ಮಿನ ದೊಡ್ಡ ಲಕೋಟೆಯನ್ನು ಕಂಕುಳಲ್ಲಿಟ್ಟುಕೊಂಡು ತಿರುಗುತ್ತಾರೆ. ಎಂಬತ್ತರ ದಶಕದ ನಡುವಿನಲ್ಲಿ ನನ್ನ ಬಲ ಮೊಣಕಾಲು ಕೈಕೊಟ್ಟಾಗ ಮಂಗಳೂರಿನಲ್ಲಿ ನಮಗೆ ಆ ಹೆಸರೇ ಗೊತ್ತಿರಲಿಲ್ಲ.

ಪಣಂಬೂರಿನ ಬಂದರಿನಲ್ಲಿ ನನ್ನ ಕೆಲಸ ಹಡಗಿಗೆ ತುಂಬಿದ ಅದಿರಿನ ತೂಕ ಹೇಳುವುದು. ಹಡಗನ್ನು ತಕ್ಕಡಿಗೆ ಹಾಕಲಾಗುವುದಿಲ್ಲವಲ್ಲ! ಅದರ ಮೈಮೇಲೆ ಬರೆದ ಗುರುತುಗಳಲ್ಲಿ ಎಲ್ಲಿಯ ತನಕ ನೀರು ಬಂದಿದೆ ಎಂದು ಓದಿ ಲೆಕ್ಕ ಹಾಕಬೇಕು. ದಡದ ಬದಿಯದು ಸುಲಭ. ಸಮುದ್ರದ ಬದಿಯದನ್ನು ಓದಲು ಹಗ್ಗದ ಏಣಿಯಲ್ಲಿ ಇಳಿಯಬೇಕು. ಒಂದು ಬೆಳಿಗ್ಗೆ ಏಣಿಯ ನಡುವಿನಲ್ಲಿ ಮೊಣಕಾಲು ಮಡಚಿದ್ದು ಮಡಚಿದ ಹಾಗೆಯೇ ಸಿಕ್ಕಿಕೊಂಡಿತು. ಮೇಲೂ ಇಲ್ಲ, ಕೆಳಗೂ ಇಲ್ಲ. ಇಬ್ಬರು ಖಲಾಸಿಗಳು ನನ್ನನ್ನು ಅಕ್ಕಿಮುಡಿಯ ಹಾಗೆ ಮೇಲೆತ್ತಿದರು.

"ಕಾಲು ಸರಿಯಾಗದಿದ್ರೆ ಆಫೀಸಿನಲ್ಲಿ ಕೂತು ಬರೆಯುವ ಕೆಲಸ ಕೊಡ್ತೇವೆ" ಎಂದರು ಸಾಹೇಬರು. ಅವರು ಹೇಳಿದ್ದು ಕನಿಕರದಿಂದಲೇ. ಆದರೆ ನನ್ನದು ಕೂತಲ್ಲಿ ಕೂರುವ ಜೀವವಲ್ಲ. ಏಣಿ ತಪ್ಪಿದರೆ ನನ್ನ ಕಥೆ ಮುಗಿಯಿತು ಎಂದು ನಿಜಕ್ಕೂ ಹೆದರಿದ್ದೆ.

ಮೂಳೆ ಡಾಕ್ಟರು ಹೆಚ್ಚುಕಡಿಮೆ ನನ್ನ ವಯಸ್ಸಿನವರೇ. ಹಡಗು, ಏಣಿ, ತೂಕದ ಲೆಕ್ಕ ಎಲ್ಲ ಕೇಳಿ ತಿಳಿದುಕೊಂಡರು. ಸಾದಾ ಎಕ್ಸರೇಯಲ್ಲಿ ಏನೂ ಸಿಗಲಿಲ್ಲ. ಕೀಲಿನೊಳಗೆ ಔಷಧಿ ಚುಚ್ಚಿ ಇನ್ನೊಂದು ತೆಗೆಸಿದರು.

"ಎಲುಬುಗಳ ನಡುವೆ ಒಂದು ಮೆತ್ತೆ ಉಂಟು. ಅದು ಹರಿದ ಹಾಗೆ ಕಾಣ್ತದೆ. ಕೈಯಲ್ಲಿ ಒತ್ತಿ ನೋಡಿದ್ರೂ ನನಗೆ ಹಾಗೇ ಅನಿಸ್ತದೆ. ಕೊಯ್ದು ತೆಗೀಬೇಕಾದೀತು."

"ತೆಗೆದ್ರೆ ಏಣಿ ಹತ್ತಬಹುದಾ?"

"ಸ್ವಲ್ಪ ವರ್ಷ ಹತ್ತಬಹುದು. ಆಮೇಲೆ ಎಲುಬಿಗೆ ಎಲುಬು ಉಜ್ಜಿ ಸವೆಯುವ ಸಂಭವ ಉಂಟು."

ಸ್ವಲ್ಪ ವರ್ಷವಾದರೆ ಸ್ವಲ್ಪ ವರ್ಷ, ನಾಳೆಯೇ ಕೊಯ್ಯಿರಿ ಎಂದೆ. ಅವರು ಒಪ್ಪಲಿಲ್ಲ. ದೀಪವಿರುವ ಸಣ್ಣ ಕೊಳವೆಯೊಂದು ಉಂಟಂತೆ, ಚಿಕ್ಕ ತೂತು ಮಾಡಿ ಅದರಲ್ಲಿ ಮೊದಲು ಒಳಗೆ ನೋಡುತ್ತಾರಂತೆ. ಆದರೆ ಅದರ ಬಲ್ಬು ಹೋಗಿದೆ, ಬೊಂಬಾಯಿಯಿಂದ ಬರಲು ಎರಡು ವಾರ ಬೇಕು. ನನಗೆ ಪಿತ್ತ ನೆತ್ತಿಗೇರಿತು.

"ಪಟದಲ್ಲಿ ಕಾಣ್ತದೆ, ಕೈಗೂ ಸಿಗ್ತದೆ. ಇನ್ನೆಂತ ನೋಡ್ಲಿಕ್ಕುಂಟು ಮಾರಾಯ್ರೇ? ನಿಮಗೆ ಹೊಸ ಸಾಮಾನು ಆಡಿಸುವ ಆಸೆ, ಅಷ್ಟೇ!"

ಪಕ್ಕದಲ್ಲಿದ್ದ ನನ್ನ ಹೆಂಡತಿ ತೋಳು ಚಿವುಟಿದಳು. ಡಾಕ್ಟರು ಸಿಟ್ಟಾಗಲಿಲ್ಲ.

"ನೀವು ದಡದ ಬದಿ ಮಾತ್ರ ಓದಿ ತೂಕ ಬರೆದು ಕೊಡ್ತೀರಾ?"

ಹಡಗು ಚೂರು ವಾಲಿದ್ದರೂ ಒಂದು ಬದಿಯ ಲೆಕ್ಕ ಸುಳ್ಳಾಗುತ್ತದೆ ಎಂದು ಹೊಸಬರಿಗೆ ಬೈದು ಬೈದು ಕಲಿಸುತ್ತಿದ್ದವನು ನಾನೇ.

ಎರಡು ವಾರ ಗೊಣಗುತ್ತ ಕಾದೆ. ಆಪರೇಷನ್ ದಿನ ಸೊಂಟದ ಕೆಳಗೆ ಮರಗಟ್ಟಿಸಿದ್ದರು, ಮುಂದೆ ಹಸಿರು ಬಟ್ಟೆಯ ಪರದೆ. ಅದರಾಚೆ ಡಾಕ್ಟರು ಕೊಳವೆಗೆ ಕಣ್ಣಿಟ್ಟು ಅತ್ತಿತ್ತ ತಿರುಗಿಸಿ ನೋಡಿದರು. ಆಮೇಲೆ "ಛೆ!" ಎಂದರು.

"ಮಾರಾಯ್ರೇ, ನಾನು ತಪ್ಪಿದೆ. ನಿಮ್ಮ ಮೆತ್ತೆ ಚಂದ ಉಂಟು. ಎಲುಬಿನ ತುದಿಗೆ ಹೊದಿಕೆ ಇರ್ತದಲ್ಲ, ಕಾರ್ಟಿಲೇಜು, ಅದರ ಚೂರೊಂದು ಎದ್ದು ಒಳಗೆ ತಿರುಗಾಡ್ತಾ ಉಂಟು. ಸಿಕ್ಕಿಕೊಳ್ಳುವುದು ಅದೇ."

ಅಲಸಂಡೆ ಬೀಜದಷ್ಟು ದೊಡ್ಡ ಬಿಳಿ ಚೂರನ್ನು ತೆಗೆದು ಪರದೆಯ ಮೇಲಿಂದ ತೋರಿಸಿದರು. ಅಷ್ಟೇ. ಬೇರೇನನ್ನೂ ಮುಟ್ಟಲಿಲ್ಲ.

"ದೇವರು ದೊಡ್ಡವನು" ಎಂದಳು ಹೊರಗೆ ಕಾಯುತ್ತಿದ್ದ ಹೆಂಡತಿ. ದೇವರು ಸರಿಯೇ, ಆದರೆ ನನ್ನ ಬೈಗುಳ ತಿಂದೂ ಬಲ್ಬಿಗಾಗಿ ಕಾದವರು ಡಾಕ್ಟರು. ಆ ಋಣ ನನ್ನ ಮೇಲೆ ಈಗಲೂ ಇದೆ. ಕೆಲವು ತಿಂಗಳಲ್ಲಿ ನಾನು ಮತ್ತೆ ಏಣಿ ಇಳಿಯತೊಡಗಿದೆ.

ಮರುವರ್ಷ ಅವರು ಹೇಳಿಕಳುಹಿಸಿದರು: ತಾವು ಕಲಿಸುವ ಮೆಡಿಕಲ್ ವಿದ್ಯಾರ್ಥಿಗಳ ಎದುರು ಒಮ್ಮೆ ಬಂದು ನಿಲ್ಲಬೇಕಂತೆ. ಹೋದೆ. ಔಷಧಿ ಚುಚ್ಚಿ ತೆಗೆದ ನನ್ನ ಹಳೆಯ ಎಕ್ಸರೇಯನ್ನು ದೀಪಕ್ಕೆ ಹಿಡಿದು, ಎಂತ ಕಾಣ್ತದೆ ಹೇಳಿ ಎಂದು ಕೇಳಿದರು. ಮೆತ್ತೆ ಹರಿದಿದೆ ಎಂದರು ಹುಡುಗರೆಲ್ಲ ಒಟ್ಟಿಗೆ. ಡಾಕ್ಟರು ನನ್ನ ಕಡೆ ತಿರುಗಿ ಕುಕ್ಕುರು ಕೂರಲು ಹೇಳಿದರು. ಪಂಚೆ ಎತ್ತಿ ಕಟ್ಟಿ ಕೂತೆ, ಎದ್ದೆ, ಮತ್ತೆ ಕೂತೆ.

"ನಾನೂ ನಿಮ್ಮ ಹಾಗೆಯೇ ಓದಿದ್ದೆ" ಎಂದರು ಹುಡುಗರಿಗೆ. "ನಾನು ಕೊಯ್ದು ಬಿಸಾಡಬೇಕೆಂದಿದ್ದ ಮೆತ್ತೆಯ ಮೇಲೆಯೇ ಇವರು ಈಗ ಕೂತದ್ದು."

ಏಳಲು ನಾನು ಸ್ವಲ್ಪ ತಡಮಾಡಿದೆ. ಹುಡುಗರು ಕಾಲು ನೋವೆಂದುಕೊಂಡಿರಬೇಕು. ನನಗೆ ಕಣ್ಣು ಒರೆಸಿಕೊಳ್ಳಲಿಕ್ಕಿತ್ತು.