ಬೆರಳಿಗೆ ಸಿಗದ ನೋವು

ಮೊನ್ನೆ ಧರ್ಮಪುರಿಯಿಂದ ಸೇಲಂಗೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿನ ಕೈಚೀಲದಿಂದ ಕರ್ಪೂರ ಹಾಕಿ ಕಾಯಿಸಿದ ಎಳ್ಳೆಣ್ಣೆಯ ವಾಸನೆ ಬಂತು. ಸೀಸೆಯ ಮುಚ್ಚಳ ಸಡಿಲವಾಗಿತ್ತೋ ಏನೋ. ಬೇರೆಯವರು ಮೂಗು ಮುಚ್ಚಿಕೊಂಡು ಕಿಟಕಿ ಕಡೆ ತಿರುಗಿದರು. ನಾನು ಮಾತ್ರ ತೊಪ್ಪೂರು ಘಟ್ಟ ಇಳಿಯುವವರೆಗೂ ಆ ವಾಸನೆಯನ್ನೇ ಎಳೆದುಕೊಳ್ಳುತ್ತ ಕೂತಿದ್ದೆ. ನಮ್ಮ ಬೀದಿಯ ಉಳುಕಜ್ಜಿ ನೆನಪಾಗಿದ್ದಳು.

ಸೇಲಂನ ನಮ್ಮ ನೇಕಾರರ ಬೀದಿಯಲ್ಲಿ ಉಳುಕು ತೆಗೆಯುವುದಕ್ಕೆ ಅವಳನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಕುತ್ತಿಗೆ ಹಿಡಿದುಕೊಂಡವರು, ಸೊಂಟ ಉಳುಕಿದವರು, ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಟು ಕೂತು ಕೂತು ಬೆನ್ನು ಕಟ್ಟಿಕೊಂಡವರು... ಬೆಳಿಗ್ಗೆ ಆದರೆ ಅವಳ ಜಗಲಿ ತುಂಬಿರುತ್ತಿತ್ತು. ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟುಕೊಂಡು, ಬೈಯುತ್ತಲೇ ತಿಕ್ಕುತ್ತಿದ್ದಳು. ಬೈಸಿಕೊಂಡವರು ನಗುತ್ತ ಎದ್ದು ಹೋಗುತ್ತಿದ್ದರು.

ನಾನು ಆಗ ಔಷಧ ಕಂಪನಿಯ ಪ್ರತಿನಿಧಿ. ವಯಸ್ಸು ಮೂವತ್ಮೂರು. ಬೈಕಿನಲ್ಲಿ ಮೇಟ್ಟೂರು, ಕೊಳತ್ತೂರು, ಎಡಪ್ಪಾಡಿ ಅಂತ ಸುತ್ತಿ, ಡಾಕ್ಟರುಗಳ ಬಾಗಿಲಲ್ಲಿ ಕಾದು, ಬಿಪಿ ಮಾತ್ರೆ, ಹೃದಯದ ಮಾತ್ರೆಗಳ ಗುಣಗಾನ ಮಾಡುವುದು ನನ್ನ ಕೆಲಸ. ಕಾಯುವಾಗ ಸಿಗರೇಟು, ಕಾದು ಮುಗಿದ ಮೇಲೆ ಟೀ, ಹೊತ್ತಲ್ಲದ ಹೊತ್ತಿನಲ್ಲಿ ಪರೋಟ. ನನ್ನ ಬಿಪಿ ಎಷ್ಟಿದೆ ಅಂತ ಒಂದು ದಿನವೂ ನೋಡಿಸಿದವನಲ್ಲ. ನಮ್ಮಪ್ಪ ನಲವತ್ತು ದಾಟುವ ಮೊದಲೇ ಎದೆ ನೋವು ಬಂದು ತೀರಿಕೊಂಡಿದ್ದ. ಅದು ಅಪ್ಪನ ಹಣೆಬರಹ, ನನ್ನದಲ್ಲ ಅಂದುಕೊಂಡಿದ್ದೆ. ಅಷ್ಟು ಜಾಣ ನಾನು!

ಒಂದು ಭಾನುವಾರ ಬೆಳಿಗ್ಗೆ ಎಡ ಭುಜ ಹಿಡಿದುಕೊಂಡಿತು. ತೋಳಿನುದ್ದಕ್ಕೂ ಎಳೆತ, ದವಡೆಯಲ್ಲಿ ಏನೋ ಜೋಮು. ದಿನವೂ ಔಷಧದ ಚೀಲ ಹೊರುವ ಭುಜ ಅದೇ. ಉಳುಕು ಅಂತ ನಾನೇ ತೀರ್ಮಾನ ಮಾಡಿ ಅಜ್ಜಿಯ ಜಗಲಿಗೆ ಹೋಗಿ ಅಂಗಿ ಬಿಚ್ಚಿ ಕೂತೆ.

"ಒಂದೇ ಬೆರಳಾಗೆ ತೋರ್ಸು ಕಣ್ಣು, ಎಲ್ಲಿ ನೋಯ್ತೈತೆ?" ಅಂದಳು. ಬಂದವರನ್ನೆಲ್ಲ ತಮಿಳರ ಹಾಗೆ ಮುದ್ದಿಗೆ ಕಣ್ಣು ಅಂತ ಕರೆದು ಮೊದಲು ಹೀಗೇ ಕೇಳುತ್ತಿದ್ದಳು.

ಬೆರಳಿಡಲು ನೋಡಿದೆ. ಜಾಗ ಸಿಗಲಿಲ್ಲ. ಕೊನೆಗೆ ಅಂಗೈಯನ್ನೇ ಎದೆಯ ಮೇಲೆ ಅಗಲವಾಗಿ ಇಟ್ಟು ಇಲ್ಲೆಲ್ಲ ಅಂದೆ. ಅವಳು ಹೆಬ್ಬೆರಳಿನಿಂದ ಭುಜ ಒತ್ತಿದಳು, ಬೆನ್ನು ಒತ್ತಿದಳು. ಒತ್ತಿದರೆ ನೋವು ಹೆಚ್ಚಾಗುತ್ತದೆಯೇ ಅಂತ ಕೇಳಿದಳು. ಇಲ್ಲ ಅಂದೆ. ಹಣೆ ಮುಟ್ಟಿದಳು. ಬೆಳಗಿನ ತಂಪಿನಲ್ಲೂ ಬೆವರಿದ್ದೆ. ಅವಳು ಎಣ್ಣೆ ಬಟ್ಟಲನ್ನು ಒಳಗಿಟ್ಟು ಬಂದಳು.

"ಇದು ಉಳುಕು ಅಲ್ಲ. ನಾನ್ ಮುಟ್ಟಾಕಿಲ್ಲ. ನಡಿ ಆಸ್ಪತ್ರಿಗೆ."

"ಗ್ಯಾಸ್ ಇರ್ಬೇಕು ಬುಡಜ್ಜಿ. ಒಂದು ಸೋಡಾ ಕುಡುದ್ರೆ ಸರಿಯೋಯ್ತದೆ. ಡಾಕ್ಟ್ರುಗಳಿಗೇ ಮಾತ್ರೆ ಏಳ್ಕೊಡೋನು ನಾನು, ನನ್ಗೇ ಏಳ್ತೀಯಾ?"

"ಏಳ್ತೀನಿ ಲೇ! ನಿಮ್ಮಪ್ಪನೂ ಇಂಗೇ ಗ್ಯಾಸು ಅಂತ ಸೋಡಾ ಕುಡ್ದು ಮಲಗ್ದ. ಎದ್ನಾ?"

ಜಗಲಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನನಗೆ ಸಿಟ್ಟು ಬಂತು, ಅವಮಾನವೂ ಆಯಿತು. ಅಂಗಿ ಹಾಕಿಕೊಳ್ಳಲು ಕೈ ಎತ್ತಿದರೆ ಕೈ ಮೇಲೇಳಲಿಲ್ಲ. ಅಷ್ಟರಲ್ಲಿ ಅವಳು ಬೀದಿಗಿಳಿದು ಆಟೋ ನಿಲ್ಲಿಸಿದ್ದಳು. ನನ್ನನ್ನು ಒಳಗೆ ತಳ್ಳಿ ತಾನೂ ಹತ್ತಿದಳು. ಆಸ್ಪತ್ರೆಯಲ್ಲಿ ಚೀಟಿ ಬರೆಸಲು ಸಾಲಿನಲ್ಲಿ ನಿಲ್ಲಿ ಅಂದರೆ ನಿಲ್ಲುವ ಹೆಂಗಸೇ ಅವಳು? "ನೆಂಜು ವಲಿ! ಸೀಕ್ರಂ ಪಾರುಂಗ!" ಎದೆ ನೋವು, ಬೇಗ ನೋಡಿ ಅಂತ ತಮಿಳಿನಲ್ಲಿ ಕೂಗಿದ ಕೂಗಿಗೆ ನರ್ಸು ಓಡಿ ಬಂದರು.

ಇಸಿಜಿ ತೆಗೆದರು. ಹೃದಯಾಘಾತವೇ ಆಗಿತ್ತು. ಅವತ್ತೇ ಸ್ಟೆಂಟ್ ಹಾಕಿದರು. ಊರಿಗೆಲ್ಲ ಮಾರಿದ ಮಾತ್ರೆಗಳನ್ನು ನಾನೇ ನುಂಗುತ್ತ ಮಲಗಿದೆ.

ಮೂರನೇ ದಿನ ಅಜ್ಜಿ ವಾರ್ಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. ಅವತ್ತು ಬೈಯಲಿಲ್ಲ. ಕೆಲವು ವರ್ಷಗಳ ಹಿಂದೆ ಪಕ್ಕದ ಬೀದಿಯ ನೇಕಾರನೊಬ್ಬ ಇದೇ ಭುಜ ಹಿಡಿದುಕೊಂಡು ಬಂದಿದ್ದನಂತೆ. ಇನ್ನೂ ಮೂವತ್ತು ತುಂಬಿರಲಿಲ್ಲ. ಅವನೂ ಅಂಗೈ ಅಗಲಿಸಿಯೇ ತೋರಿಸಿದ್ದ. ಇವಳು ಗಮನಿಸದೆ ಚೆನ್ನಾಗಿ ತಿಕ್ಕಿ ಕಳಿಸಿದಳು. ಸುಖ ಆಯಿತು ಅಂತ ಹೇಳಿ ಹೋದವನು ಮಧ್ಯಾಹ್ನದೊಳಗೆ ತೀರಿಕೊಂಡಿದ್ದ. ಬೀದಿಯಲ್ಲಿ ಒಬ್ಬರೂ ಇವಳನ್ನು ದೂರಲಿಲ್ಲ. ಆದರೆ ಆಮೇಲೆ ಬೆರಳಲ್ಲಿ ತೋರಿಸದವರ ಮೈಯನ್ನು ಅವಳು ಮುಟ್ಟಲಿಲ್ಲ.

"ಡಾಕ್ಟ್ರುನ್ನ ಒಂದ್ ಮಾತು ಕೇಳು ಕಣ್ಣು," ಅಂದಳು. "ಅವತ್ತು ತಿಕ್ದೆ ಆಸ್ಪತ್ರಿಗೆ ಕಳ್ಸಿದ್ರೆ ಆ ಉಡ್ಗ ಬದುಕ್ತಿದ್ನಾ ಅಂತ."

ಮನೆಗೆ ಕಳಿಸುವ ದಿನ ಕೇಳಿದೆ. ಡಾಕ್ಟರು, ನೀವು ಬಂದ ಹಾಗೆ ಬೇಗ ಬಂದಿದ್ದರೆ ಬಹುಶಃ ಉಳಿಯುತ್ತಿದ್ದ, ಅಂದರು.

ಸಂಜೆ ಅಜ್ಜಿ ಮನೆಗೇ ಬಂದಳು. ಅವಳ ಮುಖ ನೋಡಿ ನನಗೆ ನಿಜ ಹೇಳಲಾಗಲಿಲ್ಲ. ಅವನದು ಆಸ್ಪತ್ರೆಗೆ ಬಂದಿದ್ದರೂ ಉಳಿಯುವ ಕೇಸಲ್ಲ ಅಂತ ಡಾಕ್ಟರು ಹೇಳಿದರು, ಅಂದೆ.

ಅಜ್ಜಿ ನನ್ನನ್ನೇ ನೋಡಿದಳು. "ಅಂಗಾರೆ ನಿನ್ನ ಸುಮ್ಕೇ ಕರ್ಕೊಂಡೋದ್ನಾ?"

ಹತ್ತಾರು ಡಾಕ್ಟರುಗಳ ಮುಂದೆ ಪಟಪಟ ಮಾತಾಡುವವನು ನಾನು. ಮಾತ್ರೆಗಳ ಚೀಟಿಯನ್ನು ಮಡಿಸಿ ಬಿಚ್ಚುತ್ತ ಕೂತೆ.

"ಬುಡು ಕಣ್ಣು," ಅಂತ ನನ್ನ ತಲೆ ಸವರಿದಳು. "ಅವನ್ನ ಕಳ್ಕೊಂಡೆ. ಅದಕ್ಕೇ ನಿನ್ನ ಬುಡ್ಲಿಲ್ಲ."

ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಬರಲೇ ಇಲ್ಲ. ನಾನು ಸಿಗರೇಟು ಬಿಟ್ಟೆ. ಒಂದೇ ಸಲಕ್ಕೆ ಬಿಟ್ಟೆ ಅಂದರೆ ಸುಳ್ಳಾದೀತು, ಎರಡು ಸಲ ಸೋತು ಮೂರನೇ ಸಲ ಬಿಟ್ಟೆ. ದಿನವೂ ನಡೆಯುತ್ತೇನೆ. ತಮ್ಮನನ್ನು ಎಳೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರೆ ಅವನಿಗೂ ಬಿಪಿ ಇತ್ತು. ಈಗ ಹತೋಟಿಯಲ್ಲಿದೆ. ನನ್ನ ಹೃದಯ ಚೆನ್ನಾಗಿ ಕೆಲಸ ಮಾಡುತ್ತಿದೆ, ಇನ್ನೂ ಬಹಳ ವರ್ಷ ಮಾಡುತ್ತದೆ ಅಂತ ನನಗೆ ನಂಬಿಕೆಯಿದೆ.

ಅಜ್ಜಿ ಹೋಗಿ ಎರಡು ವರ್ಷವಾಯಿತು. ಅವಳ ಜಗಲಿಯಲ್ಲಿ ಈಗ ಬೈಕು ನಿಲ್ಲಿಸುತ್ತಾರೆ. ಆಸ್ಪತ್ರೆಗಳ ಎದುರಿನ ಟೀ ಅಂಗಡಿಗಳಲ್ಲಿ ಸಿಗರೇಟು ಹಚ್ಚಿ ನಿಂತ ಹೊಸ ಪ್ರತಿನಿಧಿಗಳು ಕಂಡರೆ ಹಿಡಿದು ನಿಲ್ಲಿಸಿ ಎಲ್ಲವನ್ನೂ ಹೇಳುತ್ತೇನೆ. ಮೂವತ್ತಕ್ಕೇ ಏನಾಗುತ್ತದೆ ಅಂತ ನಗುವವರಿಗೆ ಆ ನೇಕಾರನ ಸುದ್ದಿ ಹೇಳುತ್ತೇನೆ. ಬೇಗ ಬಂದಿದ್ದರೆ ಉಳಿಯುತ್ತಿದ್ದ ಅಂತ ಡಾಕ್ಟರು ಅಂದದ್ದನ್ನೂ ಮುಚ್ಚಿಡದೆ ಹೇಳುತ್ತೇನೆ. ಊರಿಗೆಲ್ಲ ಹೇಳಿದ್ದೇನೆ. ಕೇಳಿದವಳೊಬ್ಬಳಿಗೆ ಮಾತ್ರ ಹೇಳಲಿಲ್ಲ.