ಸೊಪ್ಪಿನ ಮೇಲೆ ಹೊರಿಸಿದ ತಪ್ಪು

ಎರಡು ತಿಂಗಳು ನಮ್ಮಕ್ಕ ಸೊಪ್ಪು ಮುಟ್ಟಲಿಲ್ಲ. ಮೆಂತ್ಯ ಇಲ್ಲ, ಪಾಲಕ್ ಇಲ್ಲ, ರಾಜಗಿರಿ ಇಲ್ಲ. ವಿಜಯಪುರದ ಹೆಣ್ಣುಮಗಳಿಗೆ ರೊಟ್ಟಿಯ ಜೊತೆ ಸೊಪ್ಪಿನ ಪಲ್ಯ ಇಲ್ಲವೆಂದರೆ ಇನ್ನೇನು ಉಳಿಯಿತು? ಅವಳ ಮನೆ ಠಾಣೆಯ ಕೋಪರಿಯಲ್ಲಿ. ಕೆಳಗೇ ತರಕಾರಿ ಗಾಡಿ ನಿಲ್ಲುತ್ತದೆ. ಗಾಡಿಯವನು "ಮಾವಶಿ, ಮೇಥಿ ತಾಜಿ ಆಹೇ" (ಚಿಕ್ಕಮ್ಮ, ಮೆಂತ್ಯ ತಾಜಾ ಇದೆ) ಎಂದು ಕೂಗಿದರೆ ಇವಳು ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು.

ಸೊಪ್ಪು ಯಾವ ತಪ್ಪನ್ನೂ ಮಾಡಿರಲಿಲ್ಲ. ತಪ್ಪು ಮಾಡಿದವಳು ನಾನು. ಇವತ್ತು ಅದನ್ನೇ ಬರೆಯುತ್ತೇನೆ. ಸಿಟ್ಟಿನಲ್ಲಿದ್ದೇನೆ, ಸ್ವಲ್ಪ ಸಹಿಸಿಕೊಳ್ಳಿ.

ಸಂಕ್ರಾಂತಿ ಮುಗಿದ ಮೇಲೆ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಹಳದಿ-ಕುಂಕುವಿನ ಸುಗ್ಗಿ. ಮುತ್ತೈದೆಯರನ್ನು ಕರೆದು, ಅರಿಶಿನ ಕುಂಕುಮ ಹಚ್ಚಿ, ಕೈಗೆ ಎಳ್ಳು-ಬೆಲ್ಲ ಮತ್ತು ಒಂದು ವಸ್ತು ಕೊಡುತ್ತಾರೆ. ಆ ವಸ್ತುವಿಗೆ ವಾಣ ಎನ್ನುತ್ತಾರೆ. ಸ್ಟೀಲ್ ಬಟ್ಟಲು, ಸೋಪಿನ ಡಬ್ಬಿ, ಚಹಾ ಸೋಸುವ ಜಾಳಿಗೆ. ನಮ್ಮಕ್ಕನನ್ನು ಯಾರೂ ಕರೆಯುವುದಿಲ್ಲ. ಭಾವ ತೀರಿಕೊಂಡಿದ್ದಾರಲ್ಲ. (ಗಂಡ ಸತ್ತರೆ ಹೆಂಗಸಿಗೆ ಚಹಾ ಸೋಸುವ ಯೋಗ್ಯತೆಯೂ ಹೋಗುತ್ತದೆಯೇ? ಈ ಸಿಟ್ಟು ಹಳೆಯದು, ಇರಲಿ.) ಅದಕ್ಕೇ ಪ್ರತಿ ವರ್ಷ ನನಗೆ ಬಂದ ವಾಣವನ್ನು ನಾನು ಅಕ್ಕನಿಗೆ ಒಯ್ದು ಕೊಡುತ್ತೇನೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾಳೆ. ವಾಣ ಬೇಡ ಎನ್ನಬಾರದು, ಬಳಸದೆ ಬಿಸಾಡಬಾರದು. ಅವಳ ಅಡುಗೆಮನೆಯ ಅರ್ಧ ಸಾಮಾನು ಹೀಗೆ ಬಂದದ್ದು.

ಈ ವರ್ಷ ಮೂರನೇ ಮಹಡಿಯ ವೈಶಾಲಿ ವಹಿನಿ (ಮರಾಠಿಯಲ್ಲಿ ಅತ್ತಿಗೆ, ನೆರೆಯವರನ್ನೂ ಹೀಗೇ ಕರೆಯುವುದು) ಕೊಟ್ಟದ್ದು ಬಟ್ಟಲಲ್ಲ. ಬಾಟಲಿ. ಒಳಗೆ ಕಿತ್ತಳೆ ಬಣ್ಣದ ಮೆತ್ತನೆ ಗುಳಿಗೆಗಳು. ಕೋಎನ್‌ಜೈಮ್ ಅಂತೆ. ವಹಿನಿ ಹೊಸದಾಗಿ ಅದರ ಏಜೆಂಟ್ ಆಗಿದ್ದರು.

"ವಯಸ್ಸಾದ ಹಾಗೆ ಹೃದಯದ ಬ್ಯಾಟರಿ ಇಳಿಯುತ್ತೆ. ಮೊಬೈಲ್ ಚಾರ್ಜ್ ಮಾಡ್ತೀರಿ, ಹಾರ್ಟ್ ಮಾಡಲ್ವಾ?" ಎಂದು ಹಿಂದಿ ಮರಾಠಿ ಬೆರೆಸಿ ಭಾಷಣ ಮಾಡಿದರು. "ಔಷಧಿ ಅಲ್ಲ ಇದು, ಫುಡ್. ಎಕದಮ್ ನ್ಯಾಚುರಲ್. ಸೈಡ್ ಇಫೆಕ್ಟ್ ಝೀರೋ!"

ನಾನು ಏಳನೇ ಇಯತ್ತೆ ಓದಿದವಳು. ಬ್ಲೌಸ್ ಹೊಲಿದು ಬದುಕಿದವಳು. ಇಂಗ್ಲಿಷ್ ಹೆಸರಿನ ವಸ್ತು ಕೈಗೆ ಬಂದರೆ ನನಗೆ ಈಗಲೂ ಒಂದು ಥರ ಗೌರವ. ಬಾಟಲಿ ಹಿಡಿದು ಡೊಂಬಿವಲಿಯಿಂದ ಠಾಣೆಯ ಲೋಕಲ್ ಹತ್ತಿದೆ.

ಅಕ್ಕ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಏ ತಂಗಿ, ನಂದು ರಕ್ತ ತೆಳುವು ಮಾಡೋ ಗುಳಿಗಿ ಐತಲ್ಲ. ಇದು ನಡಿತದೇನು?"

ಅವಳ ಹೃದಯದ ಒಂದು ಕವಾಟ ಬದಲಾಯಿಸಿದ್ದಾರೆ. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಎಂದು ದಿನಾ ಒಂದು ಗುಳಿಗೆ. ತಪ್ಪದೆ ಬ್ಲಡ್ ಟೆಸ್ಟ್. ರಕ್ತ ದಪ್ಪವಾದರೂ ಅಪಾಯ, ತೀರಾ ತೆಳುವಾದರೂ ಅಪಾಯ. ಹಗ್ಗದ ಮೇಲಿನ ನಡಿಗೆ.

"ನಡಿತದ. ನಿಸರ್ಗದ್ದು ಅದು."

"ಡಾಕ್ಟರಿಗೆ ಒಂದ್ ಮಾತು ಕೇಳೂಣು?"

"ಬ್ಯಾಡ. ಸುಮ್ನ ಬೈತಾರ."

"ಆತು ಬಿಡವಾ. ಪೇಪರಿಗೆ ಬರೆಯಾಕಿ ನೀ. ನಿನಗ ಗೊತ್ತಿರ್ತದ."

ಈ ಮಾತು ಕೇಳಿ ನಾಚಬೇಕಿತ್ತು. ಹಿಗ್ಗಿದೆ. ಎಷ್ಟು ಹಿಗ್ಗಿದೆನೆಂದರೆ ಆ ವಾರ ಇದೇ ಅಂಕಣದಲ್ಲಿ ಆ ಗುಳಿಗೆಯ ಬಗ್ಗೆ ಬರೆದೆ. ನೆನಪಿರಬಹುದು ನಿಮಗೆ. 'ವಯಸ್ಸಾದವರಿಗೆ ವರದಾನ' ಎಂದಿದ್ದೆ. ಐರೋಲಿಯಿಂದ ಓದುಗರೊಬ್ಬರು ಫೋನ್ ಮಾಡಿ ಯಾವ ಕಂಪನಿಯದು, ಎಲ್ಲಿ ಸಿಗುತ್ತದೆ ಎಂದು ಕೇಳಿದ್ದರು. ವೈಶಾಲಿ ವಹಿನಿಯ ನಂಬರ್ ಕೊಟ್ಟೆ.

ಮುಂದಿನ ಟೆಸ್ಟಿನಲ್ಲಿ ಅಕ್ಕನ ರಕ್ತ ಇರಬೇಕಾದದ್ದಕ್ಕಿಂತ ದಪ್ಪ ಬಂತು. ಆಸ್ಪತ್ರೆಗೆ ಜೊತೆಗೆ ಹೋಗುವವಳು ನಾನೇ. ಅಕ್ಕನಿಗೆ ಹಿಂದಿ ಅಷ್ಟಕ್ಕಷ್ಟೆ. ಡಾಕ್ಟರು ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು.

"ಮಾವಶಿ, ಗುಳಿಗೆ ತಪ್ಪಿಸಿದ್ರಾ?" ಇಲ್ಲ. "ಬೇರೆ ಏನಾದರೂ ದವಾಯಿ ತಗೋತಿದ್ದೀರಾ?"

ಕನ್ನಡಕ್ಕೆ ತಿರುಗಿಸಿ ಹೇಳುವ ಅಗತ್ಯವೇ ಇರಲಿಲ್ಲ. ದವಾಯಿ ಎಂದರೆ ಔಷಧಿ ಎಂದು ಅಕ್ಕನಿಗೆ ಗೊತ್ತು. ಅವಳು ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಹೃದಯದ ಚಿತ್ರ ನೋಡಿದೆ.

"ನಹೀ," ಎಂದಳು ಅಕ್ಕ.

ಯಾಕೆ ಸುಮ್ಮನಿದ್ದೆ? ಹಿಂದೊಮ್ಮೆ ಬೇರೊಬ್ಬ ಡಾಕ್ಟರ ಮುಂದೆ ಮಂಡಿನೋವಿನ ಯಾವುದೋ ಪುಡಿಯ ಹೆಸರು ತೆಗೆದಿದ್ದೆ. "ಎಷ್ಟು ಓದಿದ್ದೀರಿ?" ಎಂದು ಅವರು ಎಲ್ಲರ ಎದುರು ಕೇಳಿದ್ದರು. ಕಾಯುತ್ತಿದ್ದವರು ನಕ್ಕಿದ್ದರು. ಆ ನಗು ಕಿವಿಯಲ್ಲಿತ್ತು. ಜೊತೆಗೆ ನನಗೊಂದು ನೆಪವೂ ಇತ್ತು. ಅವರು ಕೇಳಿದ್ದು ದವಾಯಿ. ಇದು ಫುಡ್ ಅಲ್ಲವೇ?

ಡಾಕ್ಟರಿಗೆ ಬೇರೆ ಕಾರಣ ಸಿಗಲಿಲ್ಲ. "ಹಸಿರು ಸೊಪ್ಪು ಜಾಸ್ತಿ ತಿಂತೀರಾ?" ಎಂದರು. ಅಕ್ಕ ಅಪರಾಧಿಯಂತೆ ತಲೆ ಆಡಿಸಿದಳು. ಸೊಪ್ಪು ರಕ್ತ ತೆಳು ಮಾಡುವ ಗುಳಿಗೆಯ ಶಕ್ತಿ ಕುಗ್ಗಿಸುತ್ತದಂತೆ. ಸ್ವಲ್ಪ ಕಡಿಮೆ ಮಾಡಿ ಎಂದು ಹೇಳಿ ಗುಳಿಗೆಯ ಡೋಸ್ ಏರಿಸಿದರು. ಅಕ್ಕ ಹೆದರಿ ಸೊಪ್ಪನ್ನು ಪೂರ್ತಿಯೇ ಬಿಟ್ಟಳು. ಕಿತ್ತಳೆ ಗುಳಿಗೆಯನ್ನು ಮಾತ್ರ ಭಕ್ತಿಯಿಂದ ನುಂಗಿದಳು. ತಂಗಿ ತಂದ ವಾಣವಲ್ಲವೇ?

ಮತ್ತೊಂದು ಟೆಸ್ಟ್ ಆಯಿತು. ಸರಿಯಾಗಿ ಬಂತು. ನಾನು ನಿರಾಳವಾದೆ.

ಆಮೇಲೆ ಬಾಟಲಿ ಖಾಲಿಯಾಯಿತು.

ಈಗ ಲೆಕ್ಕ ಹಾಕಿ. ಒಳಗೊಳಗೇ ರಕ್ತವನ್ನು ದಪ್ಪ ಮಾಡುತ್ತಿದ್ದ ಕಿತ್ತಳೆ ಗುಳಿಗೆ ನಿಂತಿತು. ಸೊಪ್ಪು ಮೊದಲೇ ನಿಂತಿತ್ತು. ತೆಳು ಮಾಡುವ ಗುಳಿಗೆಯ ಡೋಸ್ ಮಾತ್ರ ಏರಿದ್ದು ಏರಿದಂತೆಯೇ ಇತ್ತು. ಒಂದು ಬೆಳಿಗ್ಗೆ ಫೋನು.

"ತಂಗಿ, ಹಲ್ಲು ತಿಕ್ಕಿದ್ರ ರಕ್ತ ನಿಲ್ಲವಲ್ದು. ತೊಡಿ ಮ್ಯಾಲೆ ಬದನಿಕಾಯಿಯಂಥಾ ಕಲಿ ಆಗೇದ. ನಾ ಎಲ್ಲೂ ಬಿದ್ದಿಲ್ಲ ನೋಡು."

ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಪಕ್ಕದ ಮನೆಯವರು ಅವಳನ್ನು ರಿಕ್ಷಾದಲ್ಲಿ ತಂದಿದ್ದರು. ಮೂಗಿನಲ್ಲೂ ರಕ್ತ. ಸೆರಗಿನ ತುದಿ ಕೆಂಪಾಗಿತ್ತು. ರಿಪೋರ್ಟ್ ನೋಡಿ ಅದೇ ಡಾಕ್ಟರು ಕೂಡಲೇ ಅಡ್ಮಿಟ್ ಮಾಡಿಸಿದರು. "ತಲೆಯೊಳಗೆ ರಕ್ತ ಹರಿದಿದ್ದರೆ ನಾನೇನೂ ಮಾಡೋಕಾಗ್ತಿರಲಿಲ್ಲ," ಎಂದರು. "ಡೋಸ್ ಅದೇ ಇದೆ. ಹಾಗಾದರೆ ಬದಲಾಗಿದ್ದೇನು?"

ಈ ಸಲ ಗೋಡೆಯ ಚಿತ್ರ ನೋಡಲಿಲ್ಲ. ಹೇಳಿದೆ. ವಾಣ, ಬಾಟಲಿ, ಅಕ್ಕನ ಪ್ರಶ್ನೆ, ನನ್ನ ಉತ್ತರ, ಎಲ್ಲವನ್ನೂ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ಸಮಾಧಾನದಿಂದ ವಿವರಿಸಿದರು. ಕೋಎನ್‌ಜೈಮ್ ಎಂಬುದು ನಮ್ಮ ಮೈಯೇ ಮಾಡಿಕೊಳ್ಳುವ ವಸ್ತು. ವಯಸ್ಸಾದಂತೆ ಕಡಿಮೆಯಾಗುವುದೂ ನಿಜ. ಹೃದಯ ದುರ್ಬಲವಾದ ಕೆಲವರಿಗೆ ತಾವೂ ಬರೆದುಕೊಡುವುದುಂಟು, ಕೆಲವರಿಗೆ ಅನುಕೂಲವಾಗಿದೆ, ಎಲ್ಲರಿಗೂ ಆಗುತ್ತದೆ ಎನ್ನಲು ಆಗುವುದಿಲ್ಲ. ಆದರೆ ರಕ್ತ ತೆಳು ಮಾಡುವ ಈ ಗುಳಿಗೆ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಅದು ಅಡ್ಡಗಾಲು ಹಾಕಿ, ಸೊಪ್ಪಿನಂತೆಯೇ ಗುಳಿಗೆಯ ಶಕ್ತಿ ಕುಗ್ಗಿಸುತ್ತದೆ. "ಗೊತ್ತಿದ್ದರೆ ಡೋಸ್ ಏರಿಸೋ ಮೊದಲು ಆ ಬಾಟಲಿ ನಿಲ್ಲಿಸುತ್ತಿದ್ದೆ. ನಾನು ಕೇಳಿದ್ದೆನಲ್ಲ?"

ಕೇಳಿದ್ದರು. ಅದೇ ಮುಳ್ಳು.

ಅಕ್ಕ ಉಳಿದಳು. ರಕ್ತ ನಿಂತು, ಡೋಸ್ ಸರಿಹೋಗಿ ಮನೆಗೆ ಬಂದಳು. ಬಾಟಲಿ ತಂದವಳು ನಾನೇ ಅಲ್ಲವೇ? ಸುಮ್ಮನಿರಲಾಗದೆ ವೈಶಾಲಿ ವಹಿನಿಯ ಬಾಗಿಲು ತಟ್ಟಿ ನಡೆದದ್ದನ್ನು ಹೇಳಿದೆ.

"ಅಗೋ, ಎಷ್ಟೋ ಜನ ತಗೊಂಡಿದ್ದಾರೆ, ಯಾರಿಗೂ ಏನೂ ಆಗಿಲ್ಲ. ನಿಮ್ಮ ತಾಯಿಯದೇ ಬಾಡಿ ವೀಕ್," ಎಂದರು ವಹಿನಿ. (ಮರಾಠಿಯಲ್ಲಿ ಅಕ್ಕನಿಗೆ ತಾಈ ಎನ್ನುತ್ತಾರೆ, ನಮ್ಮ ಕಿವಿಗೆ ಅದು ತಾಯಿ. ಅದನ್ನು ಕೇಳಿ ಎದೆಗೆ ಚುಚ್ಚಿದಂತಾಯಿತು. ನನ್ನನ್ನು ಸಾಕಿದವಳು ಅವಳೇ.)

"ಯಾರಿಗೂ ಏನೂ ಆಗಿಲ್ಲ ಅಂತ ನಿಮಗೆ ಹೇಗೆ ಗೊತ್ತು? ಹೋಗಿ ಕೇಳಿದ್ದೀರಾ?"

"ಬೇಕಾದರೆ ಕಂಪನಿಗೆ ಹೇಳಿ ಇನ್ನೊಂದು ಬಾಟಲಿ ಡಿಸ್ಕೌಂಟ್‌ನಲ್ಲಿ ಕೊಡಿಸ್ತೀನಿ!"

ಡಿಸ್ಕೌಂಟ್! ನನ್ನ ಬಾಯಿಂದ ಆಗ ಬಂದ ವಿಜಯಪುರದ ಮಾತುಗಳನ್ನು ಸಂಪಾದಕರು ಅಚ್ಚು ಹಾಕುವುದಿಲ್ಲ.

ನ್ಯಾಚುರಲ್ ಅಂತೆ ನ್ಯಾಚುರಲ್! ಎಕ್ಕದ ಹಾಲೂ ನಿಸರ್ಗದ್ದೇ. ಯಾರಾದರೂ ಚಹಾಕ್ಕೆ ಹಾಕಿಕೊಳ್ಳುತ್ತಾರೆಯೇ? ರಕ್ತದ ಮೇಲೆ ಕೆಲಸ ಮಾಡುವ ವಸ್ತುವನ್ನು ಬಟ್ಟಲು ಹಂಚಿದಂತೆ ಹಂಚುವುದು, ಯಾರಿಗೆ ಯಾವ ಕಾಯಿಲೆ ಎಂದು ಒಂದು ಮಾತು ಕೇಳದಿರುವುದು, ಕೇಳಿದರೆ ಇದು ಫುಡ್ ಎನ್ನುವುದು. ಯಾರಿಗಾದರೂ ಏನಾದರೂ ಆದರೆ ಬಾಡಿ ವೀಕ್. ಎಷ್ಟು ಸುಲಭ! ಇನ್ನು ಬಡವರ, ಕಡಿಮೆ ಓದಿದವರ ಪ್ರಶ್ನೆಗೆ ನಗುವ ಡಾಕ್ಟರುಗಳೇ, ನಿಮಗೂ ಒಂದು ಮಾತು. ನೀವು ಒಮ್ಮೆ ನಕ್ಕರೆ ನಾವು ಹತ್ತು ಸಲ ಬಚ್ಚಿಡುತ್ತೇವೆ. ದವಾಯಿ ತಗೋತೀರಾ ಎಂದಷ್ಟೇ ಕೇಳಬೇಡಿ. ಪುಡಿ, ಕಷಾಯ, ಪಕ್ಕದ ಮನೆಯವರು ಕೊಟ್ಟ ಬಾಟಲಿ, ಎಲ್ಲದರ ಹೆಸರು ಹಿಡಿದು ಕೇಳಿ.

ಎಲ್ಲರನ್ನೂ ಬೈದಾಯಿತು. ಆದರೂ ಅವತ್ತು ಆ ಕೋಣೆಯಲ್ಲಿ ಉತ್ತರ ಗೊತ್ತಿದ್ದು ಬಾಯಿ ಮುಚ್ಚಿಕೊಂಡವಳು ವಹಿನಿಯಲ್ಲ, ಡಾಕ್ಟರಲ್ಲ. ನನ್ನ ಮಾನ ಉಳಿಸಲು ಅಕ್ಕ ಸುಳ್ಳು ಹೇಳಿದಳು, ನಾನು ಹೇಳಗೊಟ್ಟೆ.

ಮೊನ್ನೆ ಕೋಪರಿಗೆ ಹೋದಾಗ ಅಕ್ಕ ಮೆಂತ್ಯ ಸೋಸುತ್ತಾ ಕೂತಿದ್ದಳು. ಸೊಪ್ಪು ಬಿಡಬೇಕಿಲ್ಲ, ದಿನಾ ಒಂದೇ ಅಳತೆಯಲ್ಲಿ ತಿನ್ನಿ ಎಂದಿದ್ದಾರೆ ಡಾಕ್ಟರು. ಎದುರು ಕೂತು ನಾನೂ ಸೋಸತೊಡಗಿದೆ.

"ಬರೋ ವರ್ಷ ವಾಣ ತರ್ತೀಯಿಲ್ಲೋ?" ಎಂದಳು.

"ತರ್ತೀನಿ."

"ಜಾಳಿಗಿ ಬಂದ್ರ ತಾ. ಹಳೇದು ತೂತು ಬಿದ್ದದ." ಇನ್ನೊಂದು ಕಟ್ಟು ಬಿಚ್ಚುತ್ತಾ ಕೇಳಿದಳು, "ಅಲ್ಲ ತಂಗಿ, ಪೇಪರಿನಾಗ ಹೊಗಳಿ ಬರ್ದಿದ್ದೀಯಲ್ಲಾ, ಅದನ್ನ ಓದಿ ತಗೊಂಡವ್ರಿಗೆ ಹೇಳೀಯೋ ಇಲ್ಲೋ?"

ಐರೋಲಿಯವರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಉಳಿದವರ ನಂಬರ್ ನನ್ನ ಬಳಿ ಇಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ: ನನ್ನ ಮಾತು ನಂಬಿ ನೀವು ನುಂಗುತ್ತಿರುವ ಆ ಗುಳಿಗೆಯ ವಿಷಯ ನಿಮ್ಮ ಡಾಕ್ಟರಿಗೆ ಗೊತ್ತೇ?